ಬೆಳ್ಳಿ ಎಲೆಯ ಮೇಲಿನ ಬೂದಿ

ಆ ಗಿಡದ ಸರಿಯಾದ ಹೆಸರೇನೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳ್ಳಿ ಗಿಡ ಎನ್ನುತ್ತಿದ್ದೆವು. ಮೊಣಕಾಲಿನಷ್ಟು ಎತ್ತರ ಬೆಳೆಯುತ್ತಿತ್ತು. ಎಲೆಯ ಅಂಚು ಆಳವಾಗಿ ಸೀಳಿಕೊಂಡಿರುತ್ತಿತ್ತು. ಎಲೆ, ಕಾಂಡ, ತುದಿಯ ಚಿಗುರು ಎಲ್ಲವೂ ಬೂದು ಬಿಳುಪು. ದೂರದಿಂದ ನೋಡಿದರೆ ಯಾರೋ ಮೇಲಿನಿಂದ ವಿಭೂತಿ ಉದುರಿಸಿದಂತೆ ಕಾಣುತ್ತಿತ್ತು. ಬೆರಳಿನಿಂದ ಉಜ್ಜಿದರೆ ಆ ಬಿಳುಪು ನವಿರಾದ ತುಪ್ಪುಳಿನ ಹಾಗೆ ಸ್ವಲ್ಪ ಕೈಗೆ ಬರುತ್ತಿತ್ತು, ಉಜ್ಜಿದ ಜಾಗದಲ್ಲಿ ಕೆಳಗಿನ ಹಸಿರು ಕಾಣುತ್ತಿತ್ತು. ಒಮ್ಮೆ ಹಾಗೆ ಉಜ್ಜಿಹೋದ ಎಲೆಗೆ ಬಿಳುಪು ಮತ್ತೆ ಬರುತ್ತಿರಲಿಲ್ಲ. ಅದಕ್ಕೇ ನನ್ನ ನಾದಿನಿ ಯಾರಿಗೂ ಎಲೆ ಮುಟ್ಟಲು ಬಿಡುತ್ತಿರಲಿಲ್ಲ.

ನಾನು ಬರೆಯಬೇಕೆಂದಿರುವುದು ಆ ನಾದಿನಿಯ ವಿಷಯವನ್ನು. ಗಿಡದ ವಿಷಯ ಬಿಟ್ಟು ಅವಳದ್ದನ್ನು ಬರೆಯಲು ಆಗುವುದಿಲ್ಲ. ಕಣ್ಣಾರೆ ಕಂಡದ್ದು ಯಾವುದು, ಬೇರೆಯವರ ಬಾಯಿಂದ ಕೇಳಿದ್ದು ಯಾವುದು ಎಂಬುದನ್ನು ಬೆರೆಸದೆ ಹೇಳಲು ಪ್ರಯತ್ನಿಸುತ್ತೇನೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಜಯನಗರದ ಆ ಮನೆಗೆ ಬಂದೆ. ನಮ್ಮ ರಸ್ತೆಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ತಾರಸಿ ಹತ್ತಿದರೆ ಸಾರಕ್ಕಿಯ ಕಡೆಯ ರಾಗಿ ಹೊಲಗಳು, ಅದರಾಚೆ ಕೆರೆಯ ಏರಿ ಕಾಣುತ್ತಿದ್ದವು. ಮನೆಯಲ್ಲಿ ನಾವು ನಾಲ್ವರು. ಮಾವನವರು ತೀರಿಹೋಗಿ ಬಹಳ ವರ್ಷಗಳಾಗಿದ್ದವು. ನನ್ನ ಯಜಮಾನರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಅವರ ತಂಗಿ, ಈ ನಾದಿನಿ, ಇಂಟರ್‌ಮೀಡಿಯೆಟ್ ಮುಗಿಸಿ ಮನೆಯಲ್ಲಿದ್ದಳು. ಅವಳದೊಂದು ಮದುವೆಯಾಗಿಬಿಟ್ಟರೆ ತಾನು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. "ನೀನು ಕಣ್ಣು ಮುಚ್ಚಿದ್ರೆ ನನ್ನ ಬಾಣಂತನ ಯಾರಮ್ಮ ಮಾಡ್ತಾರೆ, ಅತ್ತಿಗೆಗೆ ಸಾರು ಮಾಡಕ್ಕೇ ಬರಲ್ಲ" ಎಂದು ಅವಳು ನಗುತ್ತಿದ್ದಳು. ಅತ್ತೆಯೂ ನಗುತ್ತಿದ್ದರು.

ಯಜಮಾನರ ಮೇಲಧಿಕಾರಿಯ ಬಂಗಲೆಯಲ್ಲಿ ಗೇಟಿನಿಂದ ಮೆಟ್ಟಿಲಿನವರೆಗೆ ದಾರಿಯ ಎರಡೂ ಕಡೆ ಬೆಳ್ಳಿ ಗಿಡದ ಸಾಲಿತ್ತಂತೆ. ಒಂದು ದಿನ ಅಲ್ಲಿ ಸವರಿ ಹಾಕಿದ್ದ ಕಡ್ಡಿಗಳಲ್ಲಿ ಒಂದಿಷ್ಟನ್ನು ಇವರು ಊಟದ ಕ್ಯಾರಿಯರಿನ ಖಾಲಿ ಡಬ್ಬಿಯಲ್ಲಿಟ್ಟುಕೊಂಡು ತಂದರು. ನಾದಿನಿ ಅವನ್ನು ತುಳಸಿ ಕಟ್ಟೆಯ ಪಕ್ಕ ನೆಟ್ಟಳು. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ ತುಳಸಿಗೆ ಚೊಂಬಿನಿಂದ ನೀರು ಹೊಯ್ಯುವಾಗ ಇವುಗಳ ನೆತ್ತಿಯ ಮೇಲೂ ಹೊಯ್ದರು. ತುಪ್ಪುಳಿನಲ್ಲಿ ನೀರು ಸಿಕ್ಕಿಕೊಂಡು ಎಲೆಗಳು ಕಪ್ಪಾದವು, ಕಡ್ಡಿಗಳು ಬುಡದಿಂದ ಕೊಳೆತವು. ಒಂದೇ ಒಂದು ಉಳಿಯಿತು. ಅದು ಸೂರಿನ ನೀರೂ ಬೀಳದ, ಬಿಸಿಲು ಮಾತ್ರ ಬೀಳುವ ಮೂಲೆಯಲ್ಲಿತ್ತು.

ಉಳಿದ ಆ ಒಂದನ್ನು ನೋಡಿ ನಾದಿನಿ ಕೆಲಸ ಕಲಿತಳು. ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆಯೇ ಕಡ್ಡಿ ತೆಗೆಯುತ್ತಿದ್ದಳು. ಹೂವಿನ ಮೊಗ್ಗು ಬಂದಿರದ ತುದಿಯನ್ನು ಆರಿಸಿ, ಗಿಣ್ಣಿನ ಸ್ವಲ್ಪ ಕೆಳಗೆ, ಹಣ್ಣು ಹೆಚ್ಚುವ ಚಾಕುವಿನಿಂದ ಒಂದೇ ಏಟಿಗೆ ಕತ್ತರಿಸುತ್ತಿದ್ದಳು. ಕೆಳಗಿನ ಎಲೆಗಳನ್ನು ಕಿತ್ತು, ಕತ್ತರಿಸಿದ ಬಾಯಿ ಒಣಗಲಿ ಎಂದು ಕಡ್ಡಿಗಳನ್ನು ನೆರಳಿನಲ್ಲಿ ಮೊರದ ಮೇಲೆ ಹರಡುತ್ತಿದ್ದಳು. ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಹಾಕಿದ್ದ ಮರಳನ್ನು ಮೇಸ್ತ್ರಿಯನ್ನು ಕೇಳಿ ತಂದು, ನೀರು ತಿಳಿಯಾಗುವವರೆಗೆ ತೊಳೆದು, ಇಟ್ಟಿಗೆ ಪುಡಿ ಬೆರೆಸಿ ಕುಂಡಕ್ಕೆ ತುಂಬುತ್ತಿದ್ದಳು. ಗೊಬ್ಬರ ಹಾಕುತ್ತಿರಲಿಲ್ಲ, ಹಾಕಿದರೆ ಗಿಡ ಹಸಿರಾಗುತ್ತದೆ ಎಂದು ಕಂಡುಕೊಂಡಿದ್ದಳು. ನೀರನ್ನು ಮೇಲಿನಿಂದ ಹಾಕುವ ಮಾತೇ ಇಲ್ಲ. ಬೋಗುಣಿಯಲ್ಲಿ ನೀರಿಟ್ಟು ಅದರೊಳಗೆ ಕುಂಡವನ್ನು ಕೂರಿಸುವುದು, ಮೇಲಿನ ಮರಳು ತೇವವಾಗಿ ಬಣ್ಣ ಬದಲಾಯಿಸಿದ ಕೂಡಲೇ ಎತ್ತಿಬಿಡುವುದು. ಬೇರು ಬಂದಿದೆಯೇ ಎಂದು ಕಡ್ಡಿಯನ್ನು ಎಳೆದು ನೋಡುತ್ತಿರಲಿಲ್ಲ. ಎಲೆಯ ತುದಿಗೆ ಉಸಿರು ಊದಿ ನೋಡುತ್ತಿದ್ದಳು. ಕಡ್ಡಿ ಬುಡಸಮೇತ ಅಲುಗಿದರೆ ಇನ್ನೂ ಇಲ್ಲ, ಎಲೆ ಮಾತ್ರ ಅಲುಗಿದರೆ ಬಂದಿದೆ ಎನ್ನುತ್ತಿದ್ದಳು.

ಹೀಗೆ ಗೇಟಿನಿಂದ ನಮ್ಮ ಮೆಟ್ಟಿಲಿನವರೆಗೂ ಒಂದು ಸಾಲಾಯಿತು. ಆ ಕೆಂಪು ಮಣ್ಣಿನ ರಸ್ತೆಯಲ್ಲಿ, ಸುಣ್ಣ ಕಾಣದ ಹೊಸ ಗೋಡೆಗಳ ನಡುವೆ, ನಮ್ಮ ಮನೆ ಮುಂದೆ ಮಾತ್ರ ಬೆಳ್ಳಿಯ ಅಂಚು. ಹೆಂಗಸರು ನಿಂತು ನೋಡುತ್ತಿದ್ದರು, ಕಡ್ಡಿ ಕೇಳುತ್ತಿದ್ದರು. ಅವರು ಕೊಂಡುಹೋಗಿ ನೆಟ್ಟದ್ದು ಒಣಗಿದರೆ ನಾದಿನಿ ಬೇರು ಬಿಟ್ಟ ಗಿಡವನ್ನೇ ಕುಂಡಸಮೇತ ಕೊಡುತ್ತಿದ್ದಳು. ಅವಳ ಕೈಗುಣ ಹಾಗೆ ಎಂದು ಎಲ್ಲರೂ ಹೇಳುತ್ತಿದ್ದರು.

ಎದುರು ಮನೆಯವರು ಹೇಳಿದ ಸಂಬಂಧ ಕೂಡಿಬಂದದ್ದೂ ಆ ಗಿಡಗಳ ನಡುವೆಯೇ. ಹುಡುಗನ ತಾಯಿ ಅವರಿಗೆ ದೂರದ ನೆಂಟರು, ಬಸವನಗುಡಿಯವರು. ಹುಡುಗಿ ನೋಡಲು ಬಂದ ದಿನ ಆಕೆ ಒಳಗೆ ಬರುವ ಮೊದಲೇ ಸಾಲಿನ ಮುಂದೆ ನಿಂತುಬಿಟ್ಟರು. ಉಪ್ಪಿಟ್ಟು, ಕೇಸರಿಭಾತ್ ಮುಗಿದ ಮೇಲೆ ಅವರು ಹುಡುಗಿಯನ್ನು ಹಾಡಲು ಕೇಳಲಿಲ್ಲ. ಆ ಗಿಡ ಹೇಗೆ ಮಾಡಿದೆ, ಬಾ ತೋರಿಸು ಎಂದು ಹೊರಗೆ ಕರೆದುಕೊಂಡು ಹೋದರು. ನಾದಿನಿ ಚಾಕು ತಂದು ಗಿಣ್ಣು ತೋರಿಸಿದಳು, ಎಲ್ಲಿ ಕತ್ತರಿಸಬೇಕು, ನೀರು ಹೇಗೆ ಕೊಡಬೇಕು ಎಂದು ಹೇಳಿದಳು. ತಾಂಬೂಲ ನಾನು ಕೊಟ್ಟೆ. ಬೇರು ಬಿಟ್ಟ ಗಿಡಗಳನ್ನು ಬುಟ್ಟಿಯಲ್ಲಿಟ್ಟು ಅವಳು ಕೊಟ್ಟಳು. ಆಕೆ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಅವಳ ಕೈ ಹಿಡಿದುಕೊಂಡು, "ಈ ಕೈ ನಮ್ಮನೆಗೆ ಬರ್ಬೇಕು ಕಣಮ್ಮ" ಎಂದರು. ನಾನು ಪಕ್ಕದಲ್ಲೇ ಇದ್ದೆ. ವೈಶಾಖದಲ್ಲಿ ಲಗ್ನ ಎಂದು ಮಾತಾಯಿತು.

ಸಂಕ್ರಾಂತಿಯ ದಿನ ಎದುರು ಮನೆಯವರು ಎಳ್ಳು ಬೀರಲು ಬಂದರು. ನಮ್ಮ ಎಳ್ಳನ್ನು ಅವರ ಡಬ್ಬಿಗೆ ಹಾಕಲು ನಾದಿನಿ ಬಗ್ಗಿದಳು. ಕಿಟಕಿಯ ಬಿಸಿಲು ನೇರ ಅವಳ ಕೈ ಮೇಲಿತ್ತು. ಬಲಗೈಯ ನಡುಬೆರಳಿನ ಗಿಣ್ಣಿನ ಮೇಲೆ ಒಂದು ಬಿಳಿ ಮಚ್ಚೆ, ಹುಣಿಸೆ ಬೀಜದಷ್ಟು. ನಾನೂ ಅದನ್ನು ಆಗಲೇ ಮೊದಲು ನೋಡಿದ್ದು.

"ಇದೇನೇ ಕೈಗೆ, ಸುಣ್ಣ ಹತ್ತಿದ್ಯಾ?" ಎಂದು ಎದುರು ಮನೆಯವರು ಕೇಳಿದರು.

ನಾದಿನಿ ಉತ್ತರ ಕೊಡುವ ಮೊದಲೇ ಅತ್ತೆ, "ಆ ಗಿಡದ ಬೂದಿ ಕಣ್ರೀ. ಬೆಳಗಾದ್ರೆ ಅದ್ರಲ್ಲೇ ಬಿದ್ದಿರ್ತಾಳೆ" ಎಂದರು.

ಅಂದು ಹಬ್ಬ. ನಾದಿನಿ ಎಣ್ಣೆ ಹಚ್ಚಿಕೊಂಡು ಸೀಗೇಕಾಯಿಯಲ್ಲಿ ಸ್ನಾನ ಮಾಡಿ ಹೊಸ ಸೀರೆ ಉಟ್ಟಿದ್ದಳು. ಬೆಳಗಿನಿಂದ ಗಿಡದ ಹತ್ತಿರ ಹೋಗಿರಲಿಲ್ಲ. ಅತ್ತೆ ಬಾಯಿಗೆ ಬಂದದ್ದನ್ನು ಹೇಳಿದ್ದರು ಅಷ್ಟೆ, ಮುಂದಾಲೋಚನೆ ಏನೂ ಇರಲಿಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಎದುರು ಮನೆಯವರು ಸಕ್ಕರೆ ಅಚ್ಚು, ಕಬ್ಬಿನ ತುಂಡು ತೆಗೆದುಕೊಂಡು ಹೋದರು. ಅವರು ಗೇಟು ದಾಟುವವರೆಗೆ ಅತ್ತೆ ನಗುತ್ತಲೇ ಇದ್ದರು. ಬಾಗಿಲು ಹಾಕಿ ಬಂದು ಮಗಳ ಬೆರಳು ಹಿಡಿದು ಸೆರಗಿನಿಂದ ಉಜ್ಜಿದರು. ಆಮೇಲೆ ನಿಂಬೆಹಣ್ಣು. ಆಮೇಲೆ ಕಡಲೆಹಿಟ್ಟು. ಸುತ್ತಲಿನ ಚರ್ಮ ಕೆಂಪಾಯಿತು, ಮಚ್ಚೆ ಇನ್ನಷ್ಟು ಬೆಳ್ಳಗೆ ಕಂಡಿತು.

ಬೂದಿಯಾದರೆ ತೊಳೆದರೆ ಹೋಗಬೇಕು. ಎದುರು ಮನೆಯವರು ಮತ್ತೆ ಬಂದಾಗ ಅದು ಹೋಗಿರಲಿಲ್ಲ. ಹಾಗಾಗಿ ಅತ್ತೆಯ ಮಾತು ಸ್ವಲ್ಪ ಬದಲಾಯಿತು. ಗಿಡದ ಬಿಳುಪು ಚರ್ಮದೊಳಕ್ಕೆ ಇಳಿದಿದೆ, ಅದರ ನಂಜು, ನಿಧಾನವಾಗಿ ಬಿಡುತ್ತದೆ ಎಂದರು. ನಾದಿನಿ ಅಡುಗೆಮನೆಯಲ್ಲಿ ಇದನ್ನು ಕೇಳಿಸಿಕೊಂಡು ನನ್ನ ಕಡೆ ನೋಡಿದಳು. ಸಂಜೆ ಗಿಡಗಳ ಹತ್ತಿರ ಹೋದವಳು ಒಂದು ಎಲೆಯನ್ನು ತಾನಾಗಿಯೇ ಉಜ್ಜಿ, ಬೆರಳಿಗೆ ಬಂದದ್ದನ್ನು ನೀರಿನಲ್ಲಿ ತೊಳೆದು, ಕೈಯನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದಳು.

ಯಜಮಾನರು ಅವಳನ್ನು ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದರು. ನಾನು ಹೋಗಿರಲಿಲ್ಲ. ಡಾಕ್ಟರು ಹೇಳಿದ್ದನ್ನು ಇವರು ಬಂದು ಊಟಕ್ಕೆ ಕೂತಾಗ ಹೇಳಿದರು. ಇದು ತೊನ್ನು. ಅಂಟುವ ರೋಗವಲ್ಲ. ಗಿಡಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಲವರಲ್ಲಿ ಮನೆತನದಲ್ಲಿ ಬರುವುದುಂಟು, ಕೆಲವರಲ್ಲಿ ಯಾಕೆ ಬಂತೆಂದು ಹೇಳಲಾಗದು. ನೋವಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ.

ಅತ್ತೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟರು. ಅಷ್ಟೆಲ್ಲದರಲ್ಲಿ ಅವರ ಕಿವಿಗೆ ಬಿದ್ದದ್ದು ಒಂದೇ ಮಾತು. "ಮನೆತನದ್ದು ಅಂದ್ರಾ?"

"ಇರಬಹುದು ಅಂದ್ರು. ಇಲ್ದೇನೂ ಇರಬಹುದು ಅಂದ್ರು."

"ಆ ಮಾತು ಈ ಮನೆ ಹೊಸಲು ದಾಟಬಾರದು. ಗಿಡದ್ದು ಅಂತಾನೇ ಇರ್ಲಿ. ಗಿಡದ್ದಾದ್ರೆ ಕಿತ್ತರೆ ಹೋಗತ್ತೆ. ರಕ್ತದ್ದು ಅಂದ್ರೆ ಏನ್ ಕೀಳ್ತೀಯಾ?"

ಗಿಡದಿಂದ ಬರುವುದಾದರೆ ನನಗೂ ಬರಬೇಕಿತ್ತಲ್ಲ ಅತ್ತೆ, ನಾನೂ ಮರಳು ತೊಳೆದಿದ್ದೇನೆ, ಕುಂಡ ಎತ್ತಿದ್ದೇನೆ ಎಂದು ನಾನು ಹೇಳಿದೆ. ಅವರು ನನ್ನತ್ತ ತಿರುಗಿ, "ನಿನ್ನನ್ನ ಯಾರೂ ನೋಡಕ್ಕೆ ಬರಲ್ಲಮ್ಮ" ಎಂದರು. ಅದರಲ್ಲಿ ಕೋಪವಿರಲಿಲ್ಲ. ಇದ್ದ ಸಂಗತಿಯನ್ನು ಹೇಳಿದ ಹಾಗಿತ್ತು. ಯಜಮಾನರು ತಲೆ ಬಗ್ಗಿಸಿ ಊಟ ಮಾಡಿ ಎದ್ದರು.

ಮುಂದಿನ ಪ್ರಶ್ನೆ ಎದುರು ಮನೆಯಿಂದ ಬಂತು. ನ್ಯಾಯವಾದ ಪ್ರಶ್ನೆಯೇ. ಗಿಡ ಅಷ್ಟು ನಂಜಿನದಾದರೆ ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಅವರು ಕೇಳಿದರು. ಬಸವನಗುಡಿಯವರಿಗೆ ವಿಷಯ ತಿಳಿದರೆ ಅವರೂ ಇದನ್ನೇ ಕೇಳುತ್ತಾರೆ ಎಂದರು. ಅಂದರೆ ತಿಳಿದಿದೆ ಎಂದೇ ಅರ್ಥ.

ಕೀಳುವ ದಿನ ಅತ್ತೆ ಬೆಳಗಿನ ಹೊತ್ತನ್ನೇ ಆರಿಸಿದರು, ಎದುರು ಮನೆಯವರು ರಂಗೋಲಿ ಹಾಕಲು ಹೊರಗೆ ಬರುವ ಹೊತ್ತು. ಕೆಲಸದವಳಿಗೆ ಹೇಳೋಣ ಎಂದು ನಾನು ಅಂದೆ. ಬೇಡ, ಇವಳೇ ಕೀಳಲಿ, ನೋಡುವವರು ನೋಡಲಿ ಎಂದರು. ಮಗಳ ಎರಡೂ ಕೈಗಳಿಗೆ ಹಳೆಯ ಪಂಚೆಯ ಬಟ್ಟೆ ಸುತ್ತಿದರು. ನಂಜು ಎಂದ ಮೇಲೆ ಬರಿಗೈಯಲ್ಲಿ ಕಿತ್ತರೆ ನಂಬುವವರು ಯಾರು?

ನಾದಿನಿ ಒಂದನ್ನು ಮಾತ್ರ ಕೇಳಿದಳು. "ಬೇರು ಬಿಟ್ಟಿರೋ ಕುಂಡ ಬಿಡಮ್ಮ. ಹಿತ್ತಲಲ್ಲಿ ಇಟ್ಕೋತೀನಿ, ಯಾರಿಗೂ ಕಾಣಲ್ಲ."

"ಎದುರು ಮನೆಯವ್ರು ಹಿತ್ತಲಿಗೂ ಬರ್ತಾರೆ."

"ಒಂದೇ ಒಂದು."

"ನಿನಗೆ ಗಿಡ ಬೇಕಾ, ಗಂಡ ಬೇಕಾ?"

ಅವಳು ಬಗ್ಗಿದಳು. ಗೇಟಿನ ಕಡೆಯಿಂದ ಶುರು ಮಾಡಿ ಮೆಟ್ಟಿಲಿನ ಕಡೆಗೆ ಕಿತ್ತುಕೊಂಡು ಬಂದಳು. ಜಗ್ಗಲಿಲ್ಲ, ಬುಡದ ಮಣ್ಣನ್ನು ಮೊದಲು ಸಡಿಲ ಮಾಡಿ, ಬೇರು ಹರಿಯದಂತೆ ತೆಗೆದು ಪಕ್ಕಕ್ಕಿಟ್ಟಳು. ಮತ್ತೆ ನೆಡುವವರು ಕೀಳುವ ರೀತಿ ಅದು. ಕೈಗೆ ಸುತ್ತಿದ ಬಟ್ಟೆ ತೊಡಕಾಗಿ ಬಿಚ್ಚಿಕೊಳ್ಳುತ್ತಿತ್ತು, ಅತ್ತೆ ಮತ್ತೆ ಮತ್ತೆ ಬಂದು ಸುತ್ತುತ್ತಿದ್ದರು. ಮರಳಿನ ಕುಂಡಗಳನ್ನು ಬೋರಲು ಹಾಕಿದಾಗ ಕಡ್ಡಿಗಳ ತುದಿಯಲ್ಲಿ ದಾರದಂತಹ ಬಿಳಿ ಬೇರುಗಳು ಕಂಡವು. ಎದುರು ಮನೆಯವರು ರಂಗೋಲಿಯ ಬಟ್ಟಲು ಹಿಡಿದು ನಿಂತೇ ನೋಡಿದರು. ಆಮೇಲೆ ಒಳಗೆ ಹೋದರು.

ಕಿತ್ತದ್ದನ್ನೆಲ್ಲ ಗೇಟಿನ ಪಕ್ಕ ರಾಶಿ ಹಾಕಿ ಅತ್ತೆ ಬೆಂಕಿ ಹಚ್ಚಿದರು. ಹಸಿ ಎಲೆ, ಹತ್ತಲಿಲ್ಲ, ಹೊಗೆ ಬಂತು. ಒಣಗಲಿ ಎಂದು ಬಿಟ್ಟರು. ಬೇರೆ ಗಿಡವಾದರೆ ಕಿತ್ತು ಹಾಕಿದ ಮಾರನೆಯ ದಿನ ಬಾಡಿ ಕಂದಾಗುತ್ತದೆ. ಇದು ಒಣಗಿದರೂ ಬಣ್ಣ ಬಿಡಲಿಲ್ಲ. ಎಲೆಗಳು ಮುದುರಿಕೊಂಡವು, ಮುಟ್ಟಿದರೆ ಮುರಿಯುವಂತಾದವು, ಆದರೆ ಬೆಳ್ಳಿ ಹಾಗೆಯೇ ಇತ್ತು. ದಾರಿಯಲ್ಲಿ ಹೋಗುವವರೆಲ್ಲ ಇದೇನು ಎಂದು ಕೇಳಿ ಹೋಗುತ್ತಿದ್ದರು, ಅತ್ತೆ ಗೇಟಿನ ಹತ್ತಿರ ನಿಂತು ಗಿಡದ ನಂಜಿನ ಕಥೆ ಹೇಳುತ್ತಿದ್ದರು. ಕೊನೆಗೆ ಅದನ್ನೆಲ್ಲ ಬಚ್ಚಲ ಹಂಡೆಯ ಒಲೆಗೆ ಹಾಕಿದೆವು. ಆ ನೀರಿನಲ್ಲಿ ಎಲ್ಲರೂ ಸ್ನಾನ ಮಾಡಿದೆವು.

ಮಚ್ಚೆ ಹೋಗಲಿಲ್ಲ. ಶಿವರಾತ್ರಿಯ ಹೊತ್ತಿಗೆ ಮೂರು ಬೆರಳಿಗೆ ಹರಡಿತ್ತು, ತುಟಿಯ ಮೂಲೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಯುಗಾದಿ ಕಳೆದ ಮೇಲೆ ಬಸವನಗುಡಿಯವರು ಎದುರು ಮನೆಯವರ ಮೂಲಕ ಹೇಳಿ ಕಳಿಸಿದರು. ಜಾತಕವನ್ನು ಇನ್ನೊಬ್ಬ ಜೋಯಿಸರಿಗೆ ತೋರಿಸಿದ್ದರಂತೆ, ಕೂಡಿಬರುವುದಿಲ್ಲವಂತೆ. ಹುಡುಗಿಯ ಮೇಲೆ ಯಾವ ದೂರೂ ಇಲ್ಲ, ತಪ್ಪು ತಿಳಿಯಬಾರದು ಎಂದಿದ್ದರು. ಅತ್ತೆ ಗೋಡೆಗೆ ಒರಗಿ ಕೂತು ಕೇಳಿಸಿಕೊಂಡರು. ಎದುರು ಮನೆಯವರಿಗೆ ಕಾಫಿ ಕೊಡಲು ನನಗೆ ಹೇಳಿದರು.

ಅತ್ತೆ ಮಗಳನ್ನು ಉಳಿಸಲು ಆಡಿದ ಮಾತು ಆಮೇಲೆ ತಾನೇ ನಡೆಯತೊಡಗಿತು. ನಮ್ಮ ಮನೆಯಿಂದ ಗಿಡ ಕೊಂಡುಹೋಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಅದನ್ನು ಕಿತ್ತು ಖಾಲಿ ಸೈಟಿಗೆ ಎಸೆದರು. ಗಿಡದಿಂದ ಅವಳಿಗೆ ಅಂಟಿತು ಎಂದ ಮೇಲೆ, ಅವಳಿಂದ ಇನ್ನೊಬ್ಬರಿಗೆ ಅಂಟದೇ ಇರುತ್ತದೆಯೇ? ಮನೆತನದ್ದು ಎಂದಿದ್ದರೆ ಜನ ಮದುವೆಯ ಮಾತು ಬಿಡುತ್ತಿದ್ದರು, ಅಷ್ಟೆ. ಈಗ ಅವಳ ಕೈಯ ನೀರನ್ನೂ ಬಿಟ್ಟರು. ಮರುವರ್ಷದ ಸಂಕ್ರಾಂತಿಗೆ ಅವಳು ತಟ್ಟೆ ಹಿಡಿದು ನಾಲ್ಕನೆಯ ಮನೆಗೆ ಹೋದಾಗ, ಆ ಮನೆಯವರು ಬಾಗಿಲಲ್ಲೇ ನಿಂತು, ಅಲ್ಲಿಡಮ್ಮ, ನಿಮ್ಮ ಅತ್ತಿಗೆ ಕೊಡಲಿ ಎಂದರು. ನಾನು ಅವಳ ಹಿಂದೆಯೇ ಇದ್ದೆ. ಅವಳು ತಟ್ಟೆಯನ್ನು ನನ್ನ ಕೈಗಿಟ್ಟು ಮನೆಗೆ ನಡೆದಳು.

ಡಾಕ್ಟರು ಹೇಳಿದ್ದನ್ನು ಈಗಲಾದರೂ ಹೇಳೋಣ ಎಂದು ಯಜಮಾನರು ಒಮ್ಮೆ ತಾಯಿಯ ಹತ್ತಿರ ಮಾತೆತ್ತಿದರು. ಡಾಕ್ಟರಿಗೇನು ಗೊತ್ತು, ನಾನು ಕಣ್ಣಾರೆ ನೋಡಿಲ್ಲವೇ, ಆ ಗಿಡ ಬರುವ ಮೊದಲು ನನ್ನ ಮಗಳ ಕೈ ಹೇಗಿತ್ತು ಎಂದರು ಅತ್ತೆ. ನಾನು ಅವರ ಮುಖ ನೋಡಿದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಿನಿಂದ ನಂಬಿಕೆಗೆ ಯಾವಾಗ ಆ ಗೆರೆ ದಾಟಿದರೋ ನನಗೆ ತಿಳಿಯದು.

ನಾದಿನಿ ಚೈತ್ರದ ಬಿಸಿಲಲ್ಲೂ ಮುಂಗೈವರೆಗೆ ತೋಳಿರುವ ರವಿಕೆ ಹಾಕುತ್ತಿದ್ದಳು. ಗೇಟಿನಿಂದ ಮೆಟ್ಟಿಲಿನವರೆಗೆ ಕಿತ್ತ ಜಾಗದಲ್ಲಿ ಅವಳು ಬೇರೇನನ್ನೂ ನೆಡಲಿಲ್ಲ. ಗರಿಕೆ ಬೆಳೆಯಿತು.

ಕೆಲವು ವರ್ಷಗಳ ನಂತರ ಒಂದು ಸಂಜೆ ನಾನು ಗಾಂಧಿ ಬಜಾರಿನಲ್ಲಿ ಹೂವು ತೆಗೆದುಕೊಂಡು ಬಸ್ಸಿಗೆಂದು ನಡೆಯುತ್ತಿದ್ದೆ. ಆ ರಸ್ತೆಯಲ್ಲಿ ಸಂಬಂಧ ಮುರಿದ ಬಸವನಗುಡಿಯವರ ಮನೆ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಕಾಂಪೌಂಡಿನ ಕಂಬಿಗಳ ಸಂದಿನಲ್ಲಿ ಬಿಳುಪು ಕಂಡು ನಿಂತೆ. ದಾರಿಯ ಎರಡೂ ಕಡೆ ಬೆಳ್ಳಿ ಗಿಡ, ಒತ್ತಾಗಿ, ಒಂದೇ ಎತ್ತರಕ್ಕೆ ಚಿವುಟಿ ಬೆಳೆಸಿದ್ದು. ನಮ್ಮ ಮನೆಯ ಮುಂದೆ ಇದ್ದದ್ದಕ್ಕಿಂತ ದೊಡ್ಡ ಸಾಲು. ಜಗಲಿಯಲ್ಲಿ ಮಗುವಿಗೆ ತಲೆ ಬಾಚುತ್ತಿದ್ದಾಕೆ ನನ್ನನ್ನು ಗುರುತಿಸಿ ಕರೆದರು. ಅಂದು ಹುಡುಗಿ ನೋಡಲು ಬಂದಿದ್ದ ಅದೇ ತಾಯಿ. ಮಗು ಅವರ ಮೊಮ್ಮಗಳು. ಕುಂಕುಮ ಕೊಟ್ಟರು, ಮನೆಯವರನ್ನೆಲ್ಲ ವಿಚಾರಿಸಿದರು. ನಾದಿನಿ ಹೇಗಿದ್ದಾಳೆ ಎಂದೂ ಕೇಳಿದರು. ಇದ್ದಾಳೆ ಎಂದೆ. ಅವರ ಎರಡೂ ಕೈಗಳನ್ನು ನಾನು ನೋಡುತ್ತಿದ್ದೆ. ನುಣುಪಾದ, ಒಂದೇ ಬಣ್ಣದ ಕೈಗಳು.

"ಈ ಗಿಡ ನೀವು ಕೀಳ್ಲಿಲ್ವಾ?" ಎಂದು ಕೇಳಿದೆ.

"ಯಾಕಮ್ಮ ಕೀಳ್ಬೇಕು? ಪಾಪ, ಗಿಡ ಏನ್ ಮಾಡತ್ತೆ."

ಅವರಿಗೆ ಸಂಕೋಚವೇನೂ ಆಗಲಿಲ್ಲ. ಎದುರು ಮನೆಯವರ ಮೂಲಕ ಮುಟ್ಟಿದ ನಮ್ಮ ಅತ್ತೆಯ ಮಾತನ್ನು ಅವರು ಒಂದು ದಿನವೂ ನಂಬಿರಲಿಲ್ಲ. ನಂಬಿದ್ದರೆ ಮೊಮ್ಮಗಳು ಆಡುವ ಜಾಗದಲ್ಲಿ ಅದನ್ನು ಉಳಿಸುತ್ತಿರಲಿಲ್ಲ. ಯಾರನ್ನು ನಂಬಿಸಲೆಂದು ನಮ್ಮ ಮನೆಯ ಮುಂದೆ ಅಷ್ಟನ್ನೂ ಕಿತ್ತೆವೋ ಅವರು ಮೊದಲಿನಿಂದಲೇ ಎಲ್ಲ ತಿಳಿದಿದ್ದರು. ಹೊರಡುವಾಗ ಅವರು ಒಂದು ತುದಿಯನ್ನು ಮುರಿದು ಹೂವಿನ ಪೊಟ್ಟಣದ ಜೊತೆ ಇಟ್ಟರು. ಅದನ್ನು ಹಿಡಿದೇ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಅತ್ತೆ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ನಾದಿನಿ ಹೂವಿನ ಪೊಟ್ಟಣ ಬಿಚ್ಚಿದಳು. ಕಡ್ಡಿಯನ್ನು ಎತ್ತಿಕೊಂಡು ಬೆಳಕಿನ ಕಡೆ ಹಿಡಿದಳು. ಅವಳ ಬೆರಳುಗಳೂ ಆ ಹೊತ್ತಿಗೆ ಪೂರ್ತಿ ಬೆಳ್ಳಗಾಗಿದ್ದವು. ಎಲ್ಲಿಂದ ಬಂತೆಂದು ಕೇಳಿದಳು, ಹೇಳಿದೆ. ಅವರು ಕಿತ್ತಿರಲಿಲ್ಲವೇ ಎಂದಳು. ಇಲ್ಲ ಎಂದೆ.

ಅವಳು ಕಡ್ಡಿಯ ಬುಡವನ್ನು ತಿರುಗಿಸಿ ನೋಡಿದಳು. "ಗಿಣ್ಣಿನ ಕೆಳಗೆ ಕತ್ತರಿಸಿಲ್ಲ, ಮುರಿದಿದಾರೆ. ಇದು ಬರಲ್ಲ ಅತ್ತಿಗೆ" ಎಂದಳು. ಆಮೇಲೆ ಅತ್ತೆಯ ಮುಂದೆ ಕೂತು, ಹತ್ತಿಯ ತಟ್ಟೆಯ ಪಕ್ಕ ಅದನ್ನಿಟ್ಟಳು.

"ಮುಟ್ಟಮ್ಮ. ಅವರೆಲ್ಲ ಮುಟ್ತಾರೆ, ಮಗು ಕೂಡ ಮುಟ್ಟತ್ತೆ. ಏನೂ ಆಗಲ್ಲ."

ಅತ್ತೆ ಕಡ್ಡಿಯನ್ನು ನೋಡಿದರು, ಮಗಳನ್ನು ನೋಡಿದರು. ಬತ್ತಿ ಹೊಸೆಯುತ್ತಿದ್ದ ಕೈಗಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು. ನಾದಿನಿ ಸ್ವಲ್ಪ ಹೊತ್ತು ಕಾದಳು. ಆ ಕೈಗಳು ಹೊರಗೆ ಬರಲಿಲ್ಲ. ಅವಳು ಎದ್ದು, ಹೂವನ್ನು ನನಗೆ ಕೊಟ್ಟು, ದೇವರ ದೀಪ ಹಚ್ಚಲು ತಾನು ಹೋಗದೆ ನನ್ನನ್ನೇ ಕರೆದಳು.